ಕೊಡಗಿನಲ್ಲಿ ಪುಟ್ಟ ಮಕ್ಕಳಿಗೆ ರೋಬೋಟ್ ಕಲಿಸುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಐದರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಮನೆಯಲ್ಲೋ ಶಾಲೆಯಲ್ಲೋ ರೋಬೋಟ್ ಕಟ್ಟಲು, ಅದಕ್ಕೆ ಪ್ರೋಗ್ರಾಂ ಬರೆಯಲು ಕಲಿಸಬೇಕೆಂದಿರುವ ಅಪ್ಪ-ಅಮ್ಮಂದಿರು ಮತ್ತು ಶಿಕ್ಷಕರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ನಮ್ಮ ಜಿಲ್ಲೆಯ ಮಳೆ, ಕರೆಂಟು, ಅಂಗಡಿಗಳನ್ನು ಲೆಕ್ಕಕ್ಕಿಟ್ಟುಕೊಂಡೇ ಬರೆದಿದ್ದೇವೆ. ಎಲ್ಲ ಉತ್ತರಗಳಲ್ಲೂ ನಾವು ಹಿಡಿದಿರುವ ದಾರಿ ಒಂದೇ: ಗಾಡಿ ನಿಂತರೆ ಯಾಕೆ ನಿಂತಿತು ಎಂದು ಮಗುವೇ ಹುಡುಕಬೇಕು. ಓಡುವ ಗಾಡಿ ದುಡ್ಡು ಕೊಟ್ಟರೆ ಅಂಗಡಿಯಲ್ಲೇ ಸಿಗುತ್ತದೆ.

ಎಷ್ಟನೇ ವಯಸ್ಸಿಗೆ ಶುರು ಮಾಡಬಹುದು?

ಐದು ವರ್ಷಕ್ಕೆ ಶುರು ಮಾಡಬಹುದು, ಆದರೆ ವೈರು-ಬೋರ್ಡಿನಿಂದ ಅಲ್ಲ. ಐದರಿಂದ ಏಳರವರೆಗೆ ನೆಲದ ಮೇಲಿನ ಬಾಣದ ಆಟ (ಮುಂದಿನ ಉತ್ತರದಲ್ಲಿದೆ) ಸಾಕು. ಟ್ಯಾಬ್ಲೆಟ್ ಇದ್ದರೆ ಸ್ಕ್ರ್ಯಾಚ್ ಜೂನಿಯರ್ ಹಾಕಿಕೊಡಿ. 2014ರಲ್ಲಿ ಬಂದ ಈ ಆ್ಯಪ್‌ನಲ್ಲಿ ಎಲ್ಲವೂ ಚಿತ್ರಗಳಲ್ಲೇ ಇರುವುದರಿಂದ ಓದಲು ಬಾರದ ಮಗುವೂ ಆಡುತ್ತದೆ. ಎಂಟರಿಂದ ಹತ್ತರವರೆಗೆ ಸೆಲ್, ಮೋಟಾರ್, ಸ್ವಿಚ್ಚು, ಜೊತೆಗೆ ಆಜ್ಞೆಗಳ ಬ್ಲಾಕ್‌ಗಳನ್ನು ಪರದೆಯ ಮೇಲೆ ಜೋಡಿಸಿ ಪ್ರೋಗ್ರಾಂ ಬರೆಯುವ ಸ್ಕ್ರ್ಯಾಚ್. ಬೋರ್ಡು (ಪ್ರೋಗ್ರಾಂ ತುಂಬಿಸುವ ಪುಟ್ಟ ಕಂಪ್ಯೂಟರ್) ಮತ್ತು ಸೆನ್ಸರ್ (ಬೆಳಕು, ದೂರದಂಥದ್ದನ್ನು ಗುರುತಿಸುವ ಭಾಗ) ಹತ್ತರ ಆಚೆಗೆ. ವಯಸ್ಸಿಗಿಂತ ಮುಖ್ಯವಾದ ಪರೀಕ್ಷೆ ಇನ್ನೊಂದಿದೆ. ಒಂದು ಸೆಲ್, ಒಂದು ಟಾರ್ಚ್ ಬಲ್ಬು, ಎರಡು ತುಂಡು ವೈರು ಕೊಟ್ಟು ಬಲ್ಬ್ ಉರಿಸಲು ಹೇಳಿ. ಯಾರ ಸಹಾಯವೂ ಇಲ್ಲದೆ ಉರಿಸಿದ ಮಗು ಮೋಟಾರಿಗೆ ಸಿದ್ಧವಾಗಿದೆ.

ಕಂಪ್ಯೂಟರ್ ಇಲ್ಲದೆ ಪ್ರೋಗ್ರಾಮಿಂಗ್ ಕಲಿಸಲು ಸಾಧ್ಯವೇ?

ಸಾಧ್ಯ, ಮತ್ತು ಮೊದಲು ಹಾಗೆಯೇ ಕಲಿಸಬೇಕು. ನೆಲದ ಮೇಲೆ ಸೀಮೆಸುಣ್ಣದಿಂದ 30 ಸೆಂ.ಮೀ. ಅಳತೆಯ ಚೌಕಗಳನ್ನು ಅಡ್ಡ ಐದು, ಉದ್ದ ಐದು ಎಳೆಯಿರಿ. ರಟ್ಟಿನಲ್ಲಿ ಮೂರು ಬಗೆಯ ಕಾರ್ಡು ಕತ್ತರಿಸಿ: ‘ಒಂದು ಮನೆ ಮುಂದೆ’ ಹನ್ನೆರಡು, ‘ಎಡಕ್ಕೆ ತಿರುಗು’ ಆರು, ‘ಬಲಕ್ಕೆ ತಿರುಗು’ ಆರು. ಒಂದು ಮೂಲೆಯಲ್ಲಿ ಒಬ್ಬ ಹುಡುಗನನ್ನು ರೋಬೋಟ್ ಆಗಿ ನಿಲ್ಲಿಸಿ, ಎದುರಿನ ಮೂಲೆಯಲ್ಲಿ ಒಂದು ಕಿತ್ತಳೆ ಇಡಿ. ನಡುವೆ ಎರಡು ಮೂರು ಮನೆಗಳಿಗೆ ಪುಸ್ತಕ ಇಟ್ಟು ದಾರಿ ಮುಚ್ಚಿ. ಇನ್ನೊಂದು ಮಗು ಕಾರ್ಡುಗಳನ್ನು ಸಾಲಾಗಿ ಜೋಡಿಸಿ ಪೂರ್ತಿ ಮುಗಿಸಿದ ಮೇಲೆಯೇ ಓದಬೇಕು. ಒಂದೊಂದೇ ಹೇಳುತ್ತಾ ನಡೆಸುವಂತಿಲ್ಲ.

ಇಲ್ಲಿ ಎರಡು ತಪ್ಪು ಹೆಚ್ಚುಕಡಿಮೆ ಎಲ್ಲ ಮಕ್ಕಳಿಂದಲೂ ಆಗುತ್ತದೆ. ‘ಬಲಕ್ಕೆ ತಿರುಗು’ ಎಂದರೆ ಬಲಗಡೆಯ ಮನೆಗೆ ಹೋಗುವುದು ಎಂದುಕೊಳ್ಳುತ್ತಾರೆ. ನಿಂತಲ್ಲೇ ತಿರುಗುವುದು ಅಷ್ಟೇ, ಹೆಜ್ಜೆ ಇಡಲು ಬೇರೆ ಕಾರ್ಡು ಬೇಕು. ಎರಡನೆಯದು, ರೋಬೋಟ್ ತಮ್ಮ ಕಡೆ ಮುಖ ಮಾಡಿದಾಗ ತಮ್ಮ ಬಲವನ್ನೇ ಅದರ ಬಲ ಎಂದುಕೊಳ್ಳುವುದು. ಎರಡನ್ನೂ ನೀವು ತಿದ್ದಬೇಡಿ. ರೋಬೋಟ್ ಆಗಿರುವ ಹುಡುಗ ಕಾರ್ಡಿನಲ್ಲಿರುವಂತೆಯೇ ನಡೆದು ಪುಸ್ತಕಕ್ಕೆ ಎಡವಿದಾಗ ಯಾವ ಕಾರ್ಡು ತಪ್ಪು ಎಂದು ಗುಂಪೇ ಹುಡುಕುತ್ತದೆ. ಗಣಿತಜ್ಞ ಸೆಮೋರ್ ಪ್ಯಾಪರ್ಟ್ ಮತ್ತು ಜೊತೆಗಾರರು 1967ರಲ್ಲಿ ಮಕ್ಕಳಿಗಾಗಿ ರೂಪಿಸಿದ ಲೋಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಗೆರೆ ಎಳೆಯುತ್ತಾ ಹೋಗುವ ‘ಆಮೆ’ ನಡೆಯುವುದೂ ಇದೇ ಮುಂದೆ, ಎಡ, ಬಲ ಎಂಬ ಆಜ್ಞೆಗಳಿಂದ.

ಮೊದಲು ಯಾವ ರೋಬೋಟ್ ಮಾಡಿಸಬೇಕು?

ಚಿತ್ರ ಗೀಚುವ ಲೋಟ. ಬೇಕಾಗುವುದು: ಒಂದು ದೊಡ್ಡ ಪೇಪರ್ ಲೋಟ, ಮೂರು ಸ್ಕೆಚ್ ಪೆನ್, 3 ವೋಲ್ಟಿನ ಒಂದು ಸಣ್ಣ ಆಟಿಕೆ ಮೋಟಾರ್, ಗೋಡೆ ಗಡಿಯಾರಕ್ಕೆ ಹಾಕುವಂಥ ಎರಡು ಎಎ ಸೆಲ್, ಅವುಗಳ ಹೋಲ್ಡರ್, ಒಂದು ರಬ್ಬರ್, ಇನ್ಸುಲೇಷನ್ ಟೇಪ್. ಲೋಟ ಬೋರಲು ಹಾಕಿ ಮೂರು ಪೆನ್ನನ್ನು ಸಮ ಅಂತರದಲ್ಲಿ ಕಾಲಿನಂತೆ ಅಂಟಿಸಿ. ಮೂರರ ತುದಿಯೂ ನೆಲಕ್ಕೆ ತಾಗಬೇಕು. ಮೋಟಾರನ್ನು ಲೋಟದ ತಲೆಯ ಮೇಲೆ, ಅಂಚಿನಿಂದ ಕಡ್ಡಿ ಹೊರಚಾಚುವಂತೆ ಮಲಗಿಸಿ ಬಿಗಿಯಿರಿ. ರಬ್ಬರಿನಿಂದ ಸುಮಾರು 2 ಸೆಂ.ಮೀ. ಉದ್ದದ ತುಂಡು ಕತ್ತರಿಸಿ, ಅದರ ನಡುವಿಗಲ್ಲ, ಒಂದು ತುದಿಗೆ ಮೋಟಾರಿನ ಕಡ್ಡಿ ಚುಚ್ಚಿ. ತೂಕ ಒಂದೇ ಕಡೆ ಇರುವುದರಿಂದ ಮೋಟಾರ್ ತಿರುಗಿದಾಗ ಲೋಟ ನಡುಗಿ, ಕಾಗದದ ಮೇಲೆ ಸುತ್ತುತ್ತಾ ಗೆರೆ ಎಳೆಯುತ್ತದೆ.

ನಡುಗುತ್ತಿಲ್ಲವೇ? ರಬ್ಬರಿನ ನಡುವಿಗೇ ಚುಚ್ಚಿರುತ್ತಾರೆ. ಮೋಟಾರ್ ಗುಂಯ್ ಎಂದು ನಿಂತಿತೇ? ರಬ್ಬರ್ ಲೋಟಕ್ಕೆ ತಾಗುತ್ತಿದೆ. ಎರಡು ನಿಮಿಷ ಓಡಿ ನಿಂತರೆ ನಡುಕಕ್ಕೆ ಮೋಟಾರಿನ ಬುಡದಲ್ಲಿ ವೈರು ತುಂಡಾಗಿದೆ. ವೈರನ್ನು ಬುಡದಿಂದ ಎರಡು ಸೆಂ.ಮೀ. ದೂರದಲ್ಲಿ ಲೋಟಕ್ಕೇ ಟೇಪಿನಿಂದ ಅಂಟಿಸಿದರೆ ಎಳೆತ ಬುಡಕ್ಕೆ ಬೀಳುವುದಿಲ್ಲ. ಸೆಲ್ ಉಲ್ಟಾ ಹಾಕಿ ನೋಡಲು ಮಕ್ಕಳಿಗೆ ಹೇಳಿ. ಮೋಟಾರ್ ತಿರುಗುವ ದಿಕ್ಕು ಬದಲಾಗುತ್ತದೆ, ಇದು ಮುಂದೆ ಎರಡು ಚಕ್ರದ ಗಾಡಿಗೆ ಬೇಕೇ ಬೇಕು. ಇದು ರೋಬೋಟ್ ಹೌದೋ ಅಲ್ಲವೋ ಎಂದು ಮಕ್ಕಳು ವಾದ ಮಾಡಿದರೆ ಮಾಡಲಿ, ಒಳ್ಳೆಯ ವಾದ ಅದು.

ಎರಡು ಚಕ್ರದ ಗಾಡಿಗೆ ಏನೇನು ಬೇಕು?

ಗೇರ್ ಇರುವ ಹಳದಿ ಬಿಓ (ಬ್ಯಾಟರಿಯಿಂದ ಓಡುವ) ಮೋಟಾರ್ ಎರಡು, ಅದಕ್ಕೆ ಹೊಂದುವ 65 ಮಿ.ಮೀ. ಚಕ್ರ ಎರಡು, ಎಲ್ಲ ಕಡೆ ಉರುಳುವ ಸಣ್ಣ ಕ್ಯಾಸ್ಟರ್ ಚಕ್ರ ಒಂದು, 15 ಸೆಂ.ಮೀ. ಉದ್ದ 10 ಸೆಂ.ಮೀ. ಅಗಲದ ತೆಳು ಪ್ಲೈವುಡ್ ಹಲಗೆ, ನಾಲ್ಕು ಎಎ ಸೆಲ್ ಮತ್ತು ಹೋಲ್ಡರ್, ಒತ್ತುವ ಸ್ವಿಚ್ಚು ಎರಡು, ಮೂರು ಮೀಟರ್ ಜೋಡಿ ವೈರು, ಹತ್ತು ಜಿಪ್ ಟೈ. ಒಂದು ಮೋಟಾರ್ ಹೆಚ್ಚಿಗೆ ಇರಲಿ, ಅದರ ತೆಳುವಾದ ತಾಮ್ರದ ಕಿವಿ ಎಳೆದರೆ ಕಿತ್ತು ಬರುತ್ತದೆ.

ಮೊದಲ ವಾರ ಬೋರ್ಡು ಹಾಕಲೇಬೇಡಿ. ಎಡ ಮೋಟಾರಿಗೆ ಒಂದು ಸ್ವಿಚ್ಚು, ಬಲ ಮೋಟಾರಿಗೆ ಇನ್ನೊಂದು, ಒಂದೂವರೆ ಮೀಟರ್ ವೈರಿನ ತುದಿಯಲ್ಲಿ ಮಗುವಿನ ಕೈಗೆ ಕೊಡಿ. ಎರಡೂ ಒತ್ತಿದರೆ ಮುಂದೆ, ಎಡದ್ದು ಮಾತ್ರ ಒತ್ತಿದರೆ ಬಲಕ್ಕೆ ತಿರುಗುತ್ತದೆ. ಎಡ ಮೋಟಾರ್ ಓಡಿದರೆ ಬಲಕ್ಕೇಕೆ ತಿರುಗಿತು ಎಂಬುದನ್ನು ಮಗು ತನ್ನ ಬೆರಳಿನಲ್ಲೇ ಅರಿತುಕೊಂಡರೆ ಮುಂದಿನ ಪ್ರೋಗ್ರಾಂ ಅರ್ಧ ಬರೆದಂತೆ. ಎರಡೂ ಒತ್ತಿದಾಗ ಗಾಡಿ ನಿಂತಲ್ಲೇ ಬುಗುರಿಯಂತೆ ತಿರುಗಿದರೆ ಒಂದು ಮೋಟಾರಿನ ಎರಡು ವೈರು ಅದಲು ಬದಲಾಗಿವೆ.

ಯಾವ ಬ್ಯಾಟರಿ ಹಾಕಬೇಕು? 9 ವೋಲ್ಟಿನ ಚೌಕ ಬ್ಯಾಟರಿ ಆಗದೇ?

ಆಗದು. ಮಕ್ಕಳ ರೋಬೋಟ್ ಕೆಡುವುದಕ್ಕೆ ಅತಿ ದೊಡ್ಡ ಕಾರಣ ಈ ಬ್ಯಾಟರಿಯೇ. ವೋಲ್ಟ್ ಹೆಚ್ಚಿದ್ದರೂ ಎರಡು ಮೋಟಾರಿಗೆ ಬೇಕಾದಷ್ಟು ಕರೆಂಟ್ ಕೊಡುವ ತಾಕತ್ತು ಅದಕ್ಕಿಲ್ಲ. ಮೋಟಾರ್ ಹೊರಟ ಕ್ಷಣ ವೋಲ್ಟ್ ಕುಸಿದು ಬೋರ್ಡು ಆಫ್ ಆಗಿ ಮತ್ತೆ ಆನ್ ಆಗುತ್ತದೆ, ಗಾಡಿ ಬಿಕ್ಕಳಿಸುತ್ತಾ ನಿಲ್ಲುತ್ತದೆ. ನೋಡುವವರು ಪ್ರೋಗ್ರಾಂ ತಪ್ಪು ಎಂದು ಗಂಟೆಗಟ್ಟಲೆ ಹುಡುಕುತ್ತಾರೆ.

ನಾಲ್ಕು ಎಎ ಸೆಲ್ ಹಾಕಿ. ಆಲ್ಕಲೈನ್ ಆದರೆ 6 ವೋಲ್ಟ್, ಚಾರ್ಜ್ ಮಾಡುವ ನಿಕಲ್ ಸೆಲ್ ಆದರೆ ತಲಾ 1.2ರಂತೆ 4.8 ವೋಲ್ಟ್. ವಾರ ವಾರ ತರಗತಿ ನಡೆಯುವುದಾದರೆ ಚಾರ್ಜ್ ಮಾಡುವುದನ್ನೇ ಕೊಳ್ಳಿ, ಒಂದು ಮಳೆಗಾಲದಲ್ಲಿ ಹಾಕಿದ ಹಣ ವಾಪಸಾಗುತ್ತದೆ. ಹಳೆಯ ಲ್ಯಾಪ್‌ಟಾಪಿನ ಲಿಥಿಯಂ ಸೆಲ್ ಮಕ್ಕಳ ಕೈಗೆ ಬೇಡವೇ ಬೇಡ. ಶಾರ್ಟ್ ಆದರೆ ಬೆಂಕಿ ಹತ್ತುತ್ತದೆ.

ಆರ್ಡುಯಿನೋ ಒಳ್ಳೆಯದೋ, ಮೈಕ್ರೋಬಿಟ್ ಒಳ್ಳೆಯದೋ?

ಹನ್ನೆರಡರೊಳಗಿನ ಮಕ್ಕಳಿಗೆ, ಹಣ ಹೊಂದುವುದಾದರೆ, ಮೈಕ್ರೋಬಿಟ್. ಬಿಬಿಸಿ 2016ರಲ್ಲಿ ಬ್ರಿಟನ್ನಿನ ಶಾಲಾ ಮಕ್ಕಳಿಗೆ ಹಂಚಿದ ಬೋರ್ಡು ಇದು. 25 ಎಲ್‌ಇಡಿ, ಎರಡು ಬಟನ್, ಅಲುಗಾಟ ತಿಳಿಯುವ ಸೆನ್ಸರ್ ಬೋರ್ಡಿನಲ್ಲೇ ಇವೆ. ಒಂದು ವೈರನ್ನೂ ಜೋಡಿಸದೆ ಮೊದಲ ದಿನವೇ ಏನಾದರೂ ಮಾಡಬಹುದು, ಎರಡು ಸಣ್ಣ ಎಎಎ ಸೆಲ್‌ನಲ್ಲಿ ಓಡುತ್ತದೆ. ಮೇಕ್‌ಕೋಡ್ ಎಂಬ ಬ್ಲಾಕ್ ತಂತ್ರಾಂಶವನ್ನು ಕಂಪ್ಯೂಟರಿಗೆ ಇಳಿಸಿಕೊಂಡರೆ ಆಮೇಲೆ ಇಂಟರ್ನೆಟ್ ಬೇಕಿಲ್ಲ. ನೆಟ್‌ವರ್ಕ್ ಸಿಗದ ತೋಟದ ಊರುಗಳಿಗೆ ಇದು ದೊಡ್ಡ ಅನುಕೂಲ.

ಆರ್ಡುಯಿನೋ ಊನೋ ಅಗ್ಗ, ಸುಟ್ಟರೆ ಹೊಟ್ಟೆ ಉರಿಯುವುದಿಲ್ಲ, ದೊಡ್ಡ ಮಕ್ಕಳಿಗೆ ಮುಂದಿನ ದಾರಿಯೂ ಅದೇ. ಎಂಬ್ಲಾಕ್ ಅಥವಾ ಪಿಕ್ಟೋಬ್ಲಾಕ್ಸ್ ಹಾಕಿಕೊಂಡರೆ ಅದಕ್ಕೂ ಬ್ಲಾಕ್‌ನಲ್ಲೇ ಬರೆಯಬಹುದು. ಕಂಪ್ಯೂಟರ್ ಬೋರ್ಡನ್ನು ಗುರುತಿಸದಿದ್ದರೆ ಮೊದಲು ಕೇಬಲ್ ಬದಲಿಸಿ. ಚಾರ್ಜಿಂಗ್‌ಗೆ ಮಾತ್ರ ಬರುವ ಕೇಬಲ್‌ನಲ್ಲಿ ಡೇಟಾ ವೈರೇ ಇರುವುದಿಲ್ಲ. ನಕಲು ಬೋರ್ಡಾದರೆ ಕಂಪ್ಯೂಟರಿಗೆ ಸಿಎಚ್340 ಡ್ರೈವರ್ ಎಂಬ ತಂತ್ರಾಂಶ ಹಾಕಬೇಕಾಗಬಹುದು.

ಮೋಟಾರನ್ನು ನೇರ ಬೋರ್ಡಿಗೆ ಜೋಡಿಸಬಹುದೇ?

ಯಾವ ಬೋರ್ಡಿಗೂ ಜೋಡಿಸಬೇಡಿ. ಆರ್ಡುಯಿನೋ ಊನೋದ ಒಂದು ಪಿನ್ನಿನಿಂದ 20 ಮಿಲಿಆಂಪಿಯರ್ ತೆಗೆಯಬಹುದು, ಬಿಓ ಮೋಟಾರ್ ಭಾರವಿಲ್ಲದೆ ತಿರುಗಲೂ ನೂರಕ್ಕಿಂತ ಹೆಚ್ಚು ಕೇಳುತ್ತದೆ. ನಡುವೆ ಮೋಟಾರ್ ಡ್ರೈವರ್, ಅಂದರೆ ಬೋರ್ಡಿನ ಆಜ್ಞೆಯಂತೆ ಸೆಲ್ಲಿನ ಕರೆಂಟನ್ನು ಮೋಟಾರಿಗೆ ಕೊಡುವ ಸಣ್ಣ ಹಲಗೆ ಬೇಕು. ಎಲ್ಲೆಡೆ ಸಿಗುವ ಕೆಂಪು ಎಲ್298ಎನ್ ಡ್ರೈವರ್ ತಾನೇ ಸುಮಾರು 2 ವೋಲ್ಟ್ ನುಂಗುತ್ತದೆ. 6 ವೋಲ್ಟ್ ಕೊಟ್ಟರೆ ಮೋಟಾರಿಗೆ ಸಿಗುವುದು ಸುಮಾರು 4. ಗಾಡಿ ತೆವಳುವುದು ಅದಕ್ಕೇ. ಡಿಆರ್‌ವಿ8833 ಅಥವಾ ಟಿಬಿ6612 ಸಣ್ಣದು, ಇಷ್ಟು ನುಂಗುವುದಿಲ್ಲ, ನಾಲ್ಕು ಸೆಲ್ಲಿನ ಗಾಡಿಗೆ ಅದೇ ಸರಿ.

ಒಂದು ವೈರು ಮರೆಯಬಾರದು: ಸೆಲ್ ಹೋಲ್ಡರಿನ ಮೈನಸ್ ಮತ್ತು ಬೋರ್ಡಿನ ಗ್ರೌಂಡ್ (ಜಿಎನ್‌ಡಿ ಎಂದು ಬರೆದಿರುವ ಪಿನ್) ಎರಡೂ ಸೇರಬೇಕು. ಸೇರದಿದ್ದರೆ ಮೋಟಾರ್ ಅಲುಗುವುದಿಲ್ಲ, ಇಲ್ಲವೇ ಮನಸ್ಸಿಗೆ ಬಂದಂತೆ ತಿರುಗುತ್ತದೆ. ಆರ್ಡುಯಿನೋವನ್ನು ಪವರ್ ಬ್ಯಾಂಕಿನಿಂದ ಓಡಿಸುವವರು ಇನ್ನೊಂದನ್ನು ಗಮನಿಸಿ: ಬೋರ್ಡು ಎಳೆಯುವ ಕರೆಂಟ್ ತೀರಾ ಕಡಿಮೆ ಇರುವುದರಿಂದ ಕೆಲವು ಪವರ್ ಬ್ಯಾಂಕ್ ಫೋನ್ ತೆಗೆದರು ಎಂದುಕೊಂಡು ಸ್ವಲ್ಪ ಹೊತ್ತಿಗೆ ತಾವೇ ಆಫ್ ಆಗುತ್ತವೆ.

ಪ್ರೋಗ್ರಾಂ ಯಾವ ಕ್ರಮದಲ್ಲಿ ಕಲಿಸಬೇಕು?

ಒಂದು ಎಲ್‌ಇಡಿ ಮಿನುಗಿಸುವುದು, ಒಂದು ಮೋಟಾರ್ ಒಂದು ಸೆಕೆಂಡ್, ಎರಡು ಮೋಟಾರ್ ಒಂದು ಸೆಕೆಂಡ್, ಚೌಕ ಸುತ್ತುವುದು, ಬಟನ್ ಒತ್ತಿದರೆ ಹೊರಡುವುದು, ಆಮೇಲೆ ಸೆನ್ಸರ್. ಪ್ರತಿ ಸಲವೂ ಗಾಡಿ ಬಿಡುವ ಮೊದಲು ಏನಾಗುತ್ತದೆ ಎಂದು ಮಗು ಬಾಯಿಬಿಟ್ಟು ಹೇಳಬೇಕು, ಎಲ್ಲಿ ನಿಲ್ಲುತ್ತದೆ ಎಂದು ನೆಲದ ಮೇಲೆ ಗುರುತು ಹಾಕಬೇಕು. 65 ಮಿ.ಮೀ. ಚಕ್ರ ಒಂದು ಸುತ್ತಿಗೆ ಸುಮಾರು 20 ಸೆಂ.ಮೀ. ಹೋಗುತ್ತದೆ. ಇದನ್ನು ಹೇಳಿಕೊಡದೆ ದಾರ ಸುತ್ತಿ ಅಳೆಯಲು ಬಿಡಿ. ಚೌಕ ಬರೆಯುವಾಗ ‘ಮುಂದೆ, ತಿರುಗು’ ಎಂದು ನಾಲ್ಕು ಸಲ ಬರೆದು ಬೇಸತ್ತ ಮೇಲೆ ರಿಪೀಟ್ ಬ್ಲಾಕ್ ತೋರಿಸಿ, ಮೊದಲೇ ಬೇಡ. ಬೇಸರ ಬಂದ ಮಗುವಿಗೆ ಅದರ ಬೆಲೆ ತಕ್ಷಣ ತಿಳಿಯುತ್ತದೆ.

ಗಾಡಿ ನೇರ ಹೋಗುವುದಿಲ್ಲ, ಒಂದೇ ಕಡೆ ಎಳೆಯುತ್ತದೆ. ಯಾಕೆ?

ಎರಡು ಮೋಟಾರ್ ಒಂದೇ ಸಮನಾಗಿ ಓಡುವುದೇ ಇಲ್ಲ, ಒಂದೇ ಪೊಟ್ಟಣದಿಂದ ತೆಗೆದರೂ ಅಷ್ಟೇ. ಆದರೆ ಅದೊಂದನ್ನೇ ದೂರಬೇಡಿ. ಗಾಡಿಯನ್ನು ಎತ್ತಿ ಹಿಡಿದು ಚಕ್ರ ತಿರುಗಿಸಿ ನೋಡಿ. ಚಕ್ರ ಹಲಗೆಗೆ ಉಜ್ಜುತ್ತಿದ್ದರೆ ಒಂದೆರಡು ಮಿ.ಮೀ. ಹೊರಕ್ಕೆ ಎಳೆಯಿರಿ. ಕ್ಯಾಸ್ಟರ್‌ನಲ್ಲಿ ಕೂದಲು, ನೂಲು ಸಿಕ್ಕಿಕೊಂಡಿರುವುದು ಬಹಳ ಸಾಮಾನ್ಯ. ಸೆಲ್ ಹೋಲ್ಡರ್ ಒಂದು ಬದಿಗೆ ಕೂತಿದ್ದರೆ ನಡುವಿಗೆ ತನ್ನಿ. ಇನ್ನೂ ಎಳೆದರೆ ಡ್ರೈವರ್‌ನಲ್ಲಿ ಎಡ-ಬಲ ಮೋಟಾರಿನ ವೈರುಗಳನ್ನು ಅದಲು ಬದಲು ಮಾಡಿ. ಎಳೆತ ಅದೇ ಬದಿಗೆ ಉಳಿದರೆ ದೋಷ ಮೋಟಾರಿನಲ್ಲೋ ಚಕ್ರದಲ್ಲೋ ಇದೆ. ಬದಿ ಬದಲಾದರೆ ಡ್ರೈವರ್ ಇಲ್ಲವೇ ಪ್ರೋಗ್ರಾಂ ನೋಡಬೇಕು. ಕೊನೆಯದಾಗಿ ವೇಗ: ಆರ್ಡುಯಿನೋದಲ್ಲಿ ವೇಗವನ್ನು 0ಯಿಂದ 255ರವರೆಗೆ ಕೊಡುತ್ತೇವೆ, ಜೋರಾಗಿ ಓಡುವ ಬದಿಯನ್ನು ಐದೈದೇ ಇಳಿಸುತ್ತಾ ಹೋಗಿ. ಸೆಲ್ ಇಳಿದಂತೆ ಈ ಲೆಕ್ಕವೂ ಒಂದು ಸೆಕೆಂಡಿಗೆ ಹೋಗುವ ದೂರವೂ ಬದಲಾಗುತ್ತವೆ. ಆದ್ದರಿಂದ ಸ್ಪರ್ಧೆಯ ದಿನ ಹೊಸ ಸೆಲ್ ಹಾಕಿದರೆ ಹಿಂದಿನ ದಿನದ ಅಳತೆ ಕೈಕೊಡುತ್ತದೆ.

ಕಪ್ಪು ಗೆರೆ ಹಿಡಿದು ಹೋಗುವ ರೋಬೋಟ್ ನಮ್ಮ ಮನೆಯ ಕೆಂಪು ನೆಲದ ಮೇಲೆ ದಾರಿ ತಪ್ಪುತ್ತದೆ.

ಐಆರ್ ಸೆನ್ಸರ್ ಕಣ್ಣಿಗೆ ಕಾಣದ ಬೆಳಕು ಬಿಟ್ಟು, ವಾಪಸ್ ಎಷ್ಟು ಬಂತು ಎಂದು ನೋಡುತ್ತದೆ. ಬಿಳಿ ಮೈ ಹೆಚ್ಚು ವಾಪಸ್ ಕಳಿಸುತ್ತದೆ, ಕಪ್ಪು ಕಡಿಮೆ. ತಿಕ್ಕಿ ತಿಕ್ಕಿ ಹೊಳೆಯುವ ರೆಡ್ ಆಕ್ಸೈಡ್ ನೆಲ ಕನ್ನಡಿಯಂತೆ ಎಲ್ಲೆಲ್ಲಿಗೋ ತಿರುಗಿಸುವುದರಿಂದ ಲೆಕ್ಕ ಕೆಡುತ್ತದೆ. ಬಿಳಿ ಚಾರ್ಟ್ ಶೀಟ್ ನಾಲ್ಕನ್ನು ಸೇರಿಸಿ ಅಂಟಿಸಿ, ಕಪ್ಪು ಇನ್ಸುಲೇಷನ್ ಟೇಪಿನಿಂದ ಗೆರೆ ಹಾಕಿ. ತಿರುವು ಅಗಲವಾಗಿರಲಿ. ಕಪ್ಪು ಸ್ಕೆಚ್ ಪೆನ್ನಿನಲ್ಲಿ ಎಳೆದ ಗೆರೆ ನಮಗೆ ಕಪ್ಪು, ಎಷ್ಟೋ ಸಲ ಸೆನ್ಸರಿಗೆ ಬಿಳಿ, ಏಕೆಂದರೆ ಕೆಲವು ಶಾಯಿ ಈ ಬೆಳಕನ್ನು ಹೀರುವುದೇ ಇಲ್ಲ.

ಸೆನ್ಸರ್ ಕಾಗದದಿಂದ 5ರಿಂದ 10 ಮಿ.ಮೀ. ಎತ್ತರದಲ್ಲಿರಲಿ. ಬಿಳಿಯ ಮೇಲೆ ಇಟ್ಟು, ಕಪ್ಪಿನ ಮೇಲೆ ಇಟ್ಟು, ಮಾಡ್ಯೂಲ್ ಮೇಲಿನ ಸಣ್ಣ ದೀಪ ಬದಲಾಗುವವರೆಗೆ ನೀಲಿ ತಿರುಪನ್ನು ತಿರುಗಿಸಿ. ಕಿಟಕಿಯಿಂದ ಬಿಸಿಲು ಬೀಳುವ ಜಾಗದಲ್ಲಿ ಆಡಿಸಬೇಡಿ, ಬಿಸಿಲಲ್ಲೂ ಇದೇ ಬೆಳಕಿದೆ. ಬೆಳಗ್ಗೆ ಮೋಡದಲ್ಲಿ ಸರಿಯಾಗಿ ಓಡಿ, ಮಧ್ಯಾಹ್ನ ಹೊಳವಾದಾಗ ಕೆಟ್ಟಿತೆಂದರೆ ಕಾರಣ ಅದೇ. ಸೆನ್ಸರ್ ಬದುಕಿದೆಯೇ ಎಂದು ನೋಡಲು ಫೋನಿನ ಸೆಲ್ಫಿ ಕ್ಯಾಮೆರಾ ಹಿಡಿಯಿರಿ. ಸಾಮಾನ್ಯವಾಗಿ ಮಸುಕು ನೇರಳೆ ಮಿಣುಕು ಕಾಣುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲ್ಲಕ್ಕೂ ಬೂಸ್ಟು ಹಿಡಿಯುತ್ತದೆ. ಏನು ಮಾಡುವುದು?

ಬೋರ್ಡು, ಸೆನ್ಸರ್, ಮೋಟಾರನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಬಣ್ಣ ಬದಲಿಸುವ ಜೆಲ್ ಕೊಂಡರೆ ತೇವ ತುಂಬಿದ್ದು ನೋಡಿದರೇ ತಿಳಿಯುತ್ತದೆ. ದೊಡ್ಡವರು ಅದನ್ನು ಸಣ್ಣ ಉರಿಯಲ್ಲಿ, ಅಡಿಗೆಗೆ ಬಳಸದ ಬಾಣಲೆಯಲ್ಲಿ ಬಿಸಿ ಮಾಡಿ ಮತ್ತೆ ಬಳಸಬಹುದು. ತರಗತಿ ಮುಗಿದ ಕೂಡಲೇ ಹೋಲ್ಡರಿನಿಂದ ಸೆಲ್ ತೆಗೆಯುವುದು ಮಕ್ಕಳ ಕೆಲಸವೇ ಆಗಲಿ. ಸೋರಿದ ಆಲ್ಕಲೈನ್ ಸೆಲ್ಲಿನ ಬಿಳಿ ಪುಡಿ ಕ್ಷಾರ, ಚರ್ಮ ಸುಡುತ್ತದೆ. ದೊಡ್ಡವರೇ ಕೈಗವಸು ಹಾಕಿ, ಹತ್ತಿಗೆ ಲಿಂಬೆರಸ ತಾಗಿಸಿ ಒರೆಸಬೇಕು. ಸ್ಪ್ರಿಂಗ್ ಹಸಿರುಗಟ್ಟಿದ್ದರೆ ನಯವಾದ ಉಪ್ಪುಕಾಗದದಿಂದ ಉಜ್ಜಿ.

ರಟ್ಟಿನ ಗಾಡಿ ಮಳೆಗಾಲದಲ್ಲಿ ಬಾಗುತ್ತದೆ, ಎರಡು ಬದಿ ಅಂಟುವ ಟೇಪ್ ಬಿಡುತ್ತದೆ. ಪ್ಲೈವುಡ್ಡಿಗೆ ತೂತು ಹಾಕಿ ಸ್ಕ್ರೂ ಮತ್ತು ಜಿಪ್ ಟೈ ಬಳಸಿ. ಶೀಟಿನ ಮಾಡಿನ ಕೆಳಗೆ ಚಪ್ಪಾಳೆ ಕೇಳಿ ಹೊರಡುವ ರೋಬೋಟ್ ಬೇಡ, ಮಳೆಯ ಸದ್ದಿಗೇ ಹೊರಟುಬಿಡುತ್ತದೆ. ದೂರ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರಿಗೆ ಆ ತೊಂದರೆ ಇಲ್ಲ, ಅದು ನಮ್ಮ ಕಿವಿಗೆ ಕೇಳದ 40 ಕಿಲೋಹರ್ಟ್ಸ್ ಸದ್ದಿನಲ್ಲಿ ಕೆಲಸ ಮಾಡುತ್ತದೆ. ಕರೆಂಟು ದಿನಗಟ್ಟಲೆ ಹೋಗುವುದು ಗೊತ್ತೇ ಇದೆ. ಸೆಲ್‌ಗಳನ್ನು ಎರಡು ಜೊತೆ ಇಟ್ಟು ಒಂದು ಜೊತೆ ಸದಾ ಚಾರ್ಜ್ ಆಗಿರಲಿ, ಕರೆಂಟಿಲ್ಲದ ದಿನಕ್ಕೆ ಬಾಣದ ಆಟ ಇದೆ. ಗುಡುಗು ಸಿಡಿಲಿನ ಸಂಜೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತಿಡಿ.

ಒಂದು ಕಿಟ್‌ಗೆ ಎಷ್ಟು ಮಕ್ಕಳು?

ಮೂವರು. ಒಬ್ಬರು ಜೋಡಿಸುವುದು, ಒಬ್ಬರು ಕಂಪ್ಯೂಟರ್, ಒಬ್ಬರು ಅಳತೆ ಬರೆಯುವುದು, ಇಪ್ಪತ್ತು ನಿಮಿಷಕ್ಕೊಮ್ಮೆ ಬದಲಾಯಿಸಿ. ಬದಲಾಯಿಸದಿದ್ದರೆ ಜೋರಿನ ಮಗುವೇ ಎಲ್ಲ ಮಾಡುತ್ತದೆ, ಹೆಣ್ಣುಮಕ್ಕಳಿಗೆ ಬರೆಯುವ ಕೆಲಸವೇ ಗಟ್ಟಿಯಾಗುತ್ತದೆ. ಇದನ್ನು ಗಡಿಯಾರ ನೋಡಿಯೇ ತಡೆಯಬೇಕು. ತರಗತಿ ಒಂದೂವರೆ ಗಂಟೆ, ಏಳರ ಕೆಳಗಿನವರಿಗೆ ನಲವತ್ತು ನಿಮಿಷ.

ಇಂಗ್ಲಿಷ್ ಬಾರದ ಮಕ್ಕಳಿಗೆ ಕಷ್ಟವಾಗುವುದಿಲ್ಲವೇ?

ಬ್ಲಾಕ್‌ಗಳಲ್ಲಿ ಬರುವ ಇಂಗ್ಲಿಷ್ ಪದಗಳು ಹತ್ತು ಹದಿನೈದು ಅಷ್ಟೇ, ಬಣ್ಣ ಮತ್ತು ಆಕಾರದಿಂದಲೇ ಗುರುತಾಗುತ್ತವೆ. ಆದರೆ ಯೋಚನೆ ಮಗುವಿನ ಮಾತಿನಲ್ಲೇ ನಡೆಯಲಿ. ಕೊಡವ ತಕ್ಕ್, ಅರೆಭಾಷೆ, ತೋಟದ ಕಾರ್ಮಿಕರ ಲೈನ್ ಮನೆಯ ಮಕ್ಕಳ ತಮಿಳು, ಮಲಯಾಳ ಯಾವುದಾದರೂ ಸರಿ, ಗಾಡಿ ಏನು ಮಾಡಬೇಕೆಂದು ಮೊದಲು ಆ ಮಾತಿನಲ್ಲಿ ಹೇಳಿ, ಆಮೇಲೆ ಬ್ಲಾಕ್ ಹುಡುಕಲಿ.

ಅಪಾಯ ಯಾವುದರಲ್ಲಿದೆ?

ಎಲ್ಲಕ್ಕಿಂತ ಹೆಚ್ಚು ಗುಂಡಿ ಸೆಲ್‌ನಲ್ಲಿ. ಚಿಕ್ಕ ಮಗು ನುಂಗಿದರೆ ಅನ್ನನಾಳದಲ್ಲಿ ಸಿಕ್ಕಿಕೊಂಡು ಎರಡು ಗಂಟೆಯೊಳಗೆ ಒಳಗಿನಿಂದ ಸುಡಬಲ್ಲದು. ಮಗು ಚೆನ್ನಾಗಿಯೇ ಆಡುತ್ತಿದ್ದರೂ ಕಾಯಬೇಡಿ, ವಾಂತಿ ಮಾಡಿಸಬೇಡಿ, ಎಕ್ಸ್-ರೇ ಇರುವ ಆಸ್ಪತ್ರೆಗೆ ತಕ್ಷಣ ಹೊರಡಿ. ತಮ್ಮ ತಂಗಿಯರು ಓಡಾಡುವ ಮನೆಯಲ್ಲಿ ಗುಂಡಿ ಸೆಲ್ ಇರುವ ಯಾವ ಆಟಿಕೆಯೂ ಬೇಡ ಎಂಬುದು ನಮ್ಮ ಖಚಿತ ಮಾತು. ಗ್ಲೂ ಗನ್, ಬೆಸುಗೆ ಕಡ್ಡಿ ದೊಡ್ಡವರ ಕೈಯಲ್ಲಿರಲಿ. ಮನೆಯ ಪ್ಲಗ್ಗಿನ ಕರೆಂಟಿಗೆ ಮಕ್ಕಳ ಯಾವ ಕೆಲಸವೂ ತಾಗಬಾರದು.

ಸಾಮಾನು ಎಲ್ಲಿ ಸಿಗುತ್ತದೆ? ಶಾಲೆಗೆ ಸರ್ಕಾರದ ನೆರವು ಇದೆಯೇ?

ವೈರು, ಸ್ವಿಚ್ಚು, ಟೇಪು, ಸೆಲ್‌ಗೆ ಮಡಿಕೇರಿ, ಕುಶಾಲನಗರ, ವಿರಾಜಪೇಟೆಯ ಎಲೆಕ್ಟ್ರಿಕಲ್ ಅಂಗಡಿ ಸಾಕು. ಬೋರ್ಡು, ಡ್ರೈವರ್, ಸೆನ್ಸರನ್ನು ಆನ್‌ಲೈನ್‌ನಲ್ಲಿ ಅಥವಾ ಬೆಂಗಳೂರಿನ ಎಸ್.ಪಿ. ರೋಡಿನಿಂದ ಒಟ್ಟಿಗೆ ತರಿಸಿ, ಮಳೆಗಾಲಕ್ಕೆ ಮೊದಲೇ. ಕೆಟ್ಟ ಆಟಿಕೆ, ಹಳೆಯ ಡಿವಿಡಿ ಪ್ಲೇಯರಿನ ಮೋಟಾರ್ ಚಿತ್ರ ಗೀಚುವ ಲೋಟಕ್ಕೆ ಆಗುತ್ತದೆ. ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ 2016ರಿಂದ ಇದೆ, ಅದು 6ರಿಂದ 12ನೇ ತರಗತಿಯವರಿಗೆ. ಪ್ರಾಥಮಿಕ ಶಾಲೆಯವರು ಹತ್ತಿರದ ಪ್ರೌಢಶಾಲೆಯಲ್ಲಿ ಅಂಥ ಲ್ಯಾಬ್ ಇದ್ದರೆ ಮುಖ್ಯೋಪಾಧ್ಯಾಯರಿಗೆ ಪತ್ರ ಬರೆದು ತಿಂಗಳಿಗೊಂದು ಶನಿವಾರ ಕೇಳಿ ನೋಡಿ.

ಗಾಡಿ ಆಯಿತು. ಮುಂದೆ ನಮ್ಮೂರಿಗೆ ಉಪಯೋಗವಾಗುವಂಥದ್ದು ಏನಾದರೂ ಮಾಡಬಹುದೇ?

ಕಾಫಿ ಕಣದ ಮಳೆ ಎಚ್ಚರಿಕೆ ಗಂಟೆ ಮಾಡಿಸಿ. ಕೊಯ್ಲಿನ ಕಾಲದಲ್ಲಿ ಕಣದಲ್ಲಿ ಹರಡಿದ ಕಾಫಿಗೆ ಅಕಾಲ ಮಳೆ ಬಿದ್ದರೆ ಏನಾಗುತ್ತದೆಂದು ತೋಟದ ಮನೆಯ ಮಗುವಿಗೆ ಹೇಳಿಕೊಡಬೇಕಿಲ್ಲ. ಮಳೆ ಸೆನ್ಸರಿನ ಹಲಗೆ ಒಂದು, ಆರ್ಡುಯಿನೋ ಒಂದು, ಬಜರ್ ಒಂದು ಸಾಕು. ಸೆನ್ಸರನ್ನು ಅನಲಾಗ್ ಪಿನ್ನಿಗೆ (ಎಷ್ಟು ಎಂದು ಸಂಖ್ಯೆಯಲ್ಲಿ ಓದುವ ಪಿನ್) ಕೊಟ್ಟರೆ ಒಣಗಿದ್ದಾಗ 1023ರ ಹತ್ತಿರದ ಸಂಖ್ಯೆ ಬರುತ್ತದೆ, ಹನಿ ಬಿದ್ದಂತೆ ಇಳಿಯುತ್ತದೆ.

ನಿಜವಾದ ಕೆಲಸ ಇಲ್ಲಿಂದ ಶುರು. ಚಳಿಗಾಲದ ಬೆಳಗ್ಗೆ ಇಬ್ಬನಿ ಬಿದ್ದರೂ ಗಂಟೆ ಹೊಡೆಯುತ್ತದೆ. ಒಣಗಿದಾಗ, ಇಬ್ಬನಿಯಲ್ಲಿ, ಐದು ಹನಿ ನೀರು ಬಿಟ್ಟಾಗ ಎಷ್ಟೆಷ್ಟು ಬರುತ್ತದೆಂದು ಮಕ್ಕಳು ಒಂದು ವಾರ ಬರೆದಿಡಲಿ, ಇಬ್ಬನಿಗೂ ಹನಿಗೂ ನಡುವಿನ ಒಂದು ಸಂಖ್ಯೆಯನ್ನು ಅವರೇ ಆರಿಸಲಿ. ಎರಡೂ ಬೆರೆತುಹೋಗಿದ್ದರೆ ಎಂಟು ಗಂಟೆಯ ನಂತರ ಮಾತ್ರ ಸ್ವಿಚ್ಚು ಹಾಕುವ ನಿಯಮ ಮಾಡಿಕೊಳ್ಳಬಹುದು. ಹಲಗೆಯನ್ನು ಓರೆಯಾಗಿ ಇಟ್ಟರೆ ನೀರು ಜಾರಿ ಬೇಗ ಒಣಗುತ್ತದೆ. ಸದಾ ಕರೆಂಟ್ ಹರಿಯುತ್ತಿದ್ದರೆ ಒದ್ದೆಯಾದ ಪಟ್ಟಿಗಳು ಕೆಲವೇ ವಾರಗಳಲ್ಲಿ ಕರಗಿ ಕಪ್ಪಾಗುತ್ತವೆ. ಅದಕ್ಕೆ ಸೆನ್ಸರಿನ ಪ್ಲಸ್ ವೈರನ್ನು 5 ವೋಲ್ಟಿಗೆ ಬದಲು ಒಂದು ಡಿಜಿಟಲ್ ಪಿನ್ನಿಗೆ (ಪ್ರೋಗ್ರಾಮಿನಿಂದ ಆನ್-ಆಫ್ ಮಾಡುವ ಪಿನ್) ಹಾಕಿ, ಹತ್ತು ಸೆಕೆಂಡಿಗೊಮ್ಮೆ ಆನ್ ಮಾಡಿ, ಓದಿ, ಆಫ್ ಮಾಡುವಂತೆ ಪ್ರೋಗ್ರಾಂ ಬರೆಯಿಸಿ. ಬೋರ್ಡು ಮತ್ತು ಬಜರ್ ಮಾಡಿನ ಕೆಳಗೆ ಡಬ್ಬಿಯಲ್ಲಿರಲಿ, ಹೊರಗೆ ಇರಬೇಕಾದದ್ದು ಹಲಗೆ ಮತ್ತು ಎರಡು ವೈರು ಮಾತ್ರ.